ಎರಡೂವರೆ ಸೂತು

ಹೊಂದುತ್ತದೆ ಅಂದುಕೊಂಡಿದ್ದೆ.
ಕಣ್ಣಿಗೆ ಎರಡೂ ಒಂದೇ ದಪ್ಪ, ಒಂದೇ ಮೈಬಣ್ಣ.
ಬೆರಳಲ್ಲೇ ಒಂದು ಸುತ್ತು ಸಲೀಸು,
ಎರಡನೆಯದು ತುಸು ಬಿಗಿ,
ಮೂರಕ್ಕೆ ನಿಂತಿತು.
ಎಣ್ಣೆ ಬಿಟ್ಟೆ. ಸ್ಪ್ಯಾನರ್ ಹಾಕಿದೆ.
ಅದರ ಹಿಡಿಗೊಂದು ಪೈಪು ಸಿಕ್ಕಿಸಿ ಜಗ್ಗಿದಾಗ
ಒಳಗೆಲ್ಲೋ ಕರ್ರ್ ಅಂತು,
ಅನ್ನದಲ್ಲಿ ಕಲ್ಲು ಕಚ್ಚಿದ ಹಾಗೆ.

ಕಾಟನ್‌ಪೇಟೆಯ ವೆಂಕಟರವಣಪ್ಪನವರ ಸಲೂನಿನ ಕುರ್ಚಿ.
ಅವರಪ್ಪ ದಂಡಿನ ಕಡೆಯ ಹರಾಜಿನಲ್ಲಿ ಹಿಡಿದದ್ದು,
ಬೀಡುಕಬ್ಬಿಣದ ಮೈ, ಪಿಂಗಾಣಿಯ ಕೈ.
ಕಾಲಿಡುವ ಹಲಗೆಯ ಬೋಲ್ಟು ಮುರಿದು
ಹದಿನೈದು ದಿನದಿಂದ ಗಿರಾಕಿಗಳ ಕಾಲು ಗಾಳಿಯಲ್ಲಿ.
ಆಯ್ತಾ? ಅಂದರು, ಯಾರದೋ ಗದ್ದಕ್ಕೆ ನೊರೆ ಬಳಿಯುತ್ತ.
ಇನ್ನೇನು, ಅಂದೆ
ಬೆನ್ನು ತಿರುಗಿಸಿಕೊಂಡೇ.

ಎಸ್‌ಜೆಪಿ ರಸ್ತೆಯಲ್ಲಿ
ಬೇರಿಂಗಿನಂಗಡಿಗೂ ಹಗ್ಗದಂಗಡಿಗೂ ನಡುವೆ
ಒಬ್ಬರು ಕೂರುವಷ್ಟೇ ಅಗಲ, ಮುರ್ತುಜಾ ಭಾಯಿ.
ಹಳೆಯ ತುಂಡನ್ನೂ ನನ್ನ ಹೊಸದನ್ನೂ ಕೈಗಿಟ್ಟೆ.
ನೋಡಲಿಲ್ಲ ಅವರು; ಉಗುರಿನಿಂದ ಒಂದೊಂದರ ಮೈ ಗೀರಿ
ಸದ್ದು ಕೇಳಿಸಿಕೊಂಡರು.
ಇದು ಎಂಟು ಎಂಎಂ. ಅದು ಎರಡೂವರೆ ಸೂತು.
ಎಷ್ಟು ವ್ಯತ್ಯಾಸ?
ತಮ್ಮ ತಲೆಯಿಂದ ಒಂದು ಬಿಳಿಕೂದಲು ಕಿತ್ತು
ಗಾಜಿನ ಮೇಲಿಟ್ಟರು. ಇಷ್ಟು.

ದಪ್ಪದ ಮಾತು ಬಿಡಿ, ಅದು ಕೂದಲೆಳೆ.
ಜಗಳ ಇರೋದು ಹೆಜ್ಜೆಯಲ್ಲಿ.
ಒಂದಿಂಚು ದಾಟೋಕೆ ಇವನು ಹದಿನೆಂಟು ಹೆಜ್ಜೆ ಇಡ್ತಾನೆ,
ನಿಮ್ಮೋನು ಇಪ್ಪತ್ತು ಚಿಲ್ಲರೆ.
ಜೊತೇಲೇ ಹೊರಡ್ತಾರೆ.
ಮೊದಲ ಎರಡು ಹೆಜ್ಜೆ ಯಾರಿಗೂ ಗೊತ್ತಾಗಲ್ಲ.

ಆಮೇಲೆ ಗೇಜು ಬಿಚ್ಚಿದರು, ಬೀಸಣಿಗೆಯಂತೆ:
ತೆಳ್ಳನೆ ಉಕ್ಕಿನ ಎಲೆಗಳು, ಅಂಚಿಗೆಲ್ಲ ಬೇರೆಬೇರೆ ಹಲ್ಲು.
ಮುರಿದ ತುಂಡಿಗೆ ಒಂದನ್ನೊತ್ತಿ ಬಿಸಿಲಿಗೆ ಹಿಡಿದರು.
ಬೆಳಕು ಕಾಣುತ್ತಾ?
ಕಂಡಿತು, ಗೆರೆಯಷ್ಟು.
ಹಾಗಾದ್ರೆ ಅಲ್ಲ.
ಇನ್ನೊಂದೆಲೆ. ಮತ್ತೊಂದು.
ಈ ಸಲ ಹಲ್ಲಿಗೆ ಹಲ್ಲು ಕೂತು
ಆಚೆಗಿನ ಆಟೋ, ತಳ್ಳುಗಾಡಿ, ಹನ್ನೊಂದು ಗಂಟೆಯ ಬಿಸಿಲು
ಎಲ್ಲ ಮುಚ್ಚಿಹೋಯಿತು.

ಸೂತು ಅಂದರೆ ನೂಲು.
ಇಂಚೆಂಬ ಪರದೇಶಿಯನ್ನು ಎಂಟು ಎಳೆ ಸೀಳಿ
ತಮ್ಮದು ಮಾಡಿಕೊಂಡವರು ಗಾರೆಯವರೋ, ಬಡಗಿಗಳೋ.
ಈ ಊರಲ್ಲಿ ಸೈಟು ಇನ್ನೂ ಅಡಿಯಲ್ಲಿ, ಬಟ್ಟೆ ಮೀಟರಿನಲ್ಲಿ,
ಹೂವು ಮೊಳದಲ್ಲಿ, ಅದೂ ಮಾರುವವಳ ಮೊಳ.
ಯಾವುದು ಯಾರ ಅಳತೆ ಎಂದು
ಕೇಳಿಯೇ ಕೊಳ್ಳುತ್ತೇವೆ ದಿನಾ.
ಇದೊಂದನ್ನು ಕೇಳದೆ ಜಗ್ಗಿದ್ದೆ.

ಒಳಗಿನ ಥ್ರೆಡ್ಡು ಕೆಡಿಸಿದೀರಾ?
ಇಲ್ಲ ಅನ್ನಲು ಬಾಯಿ ತೆರೆದೆ;
ಹಲ್ಲು ಸವೆದ ನನ್ನ ಬೋಲ್ಟು ಅವರ ಕೈಯಲ್ಲೇ ಇತ್ತು.
ಸ್ವಲ್ಪ.
ಬೋಲ್ಟಿಗೆ ಹನ್ನೆರಡು ರೂಪಾಯಿ.
ಟ್ಯಾಪು ಎರವಲು, ಸಂಜೆವರೆಗೆ,
ಅಡವಿಗೆ ನನ್ನ ಕೈಗಡಿಯಾರ.
ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ.
ಹಿಂದೆ ಬರೋದು ಮರೀಬೇಡಿ,
ಚೂರು ಉದುರೋಕೆ ಜಾಗ ಬೇಕು.

ಕಾಟನ್‌ಪೇಟೆಯಲ್ಲಿ ಕರೆಂಟು ಹೋಗಿತ್ತು.
ಟಾರ್ಚು ಬಾಯಲ್ಲಿ ಕಚ್ಚಿ ನೆಲಕ್ಕೆ ಮಲಗಿ
ಅರ್ಧ ಮುಂದೆ, ಕಾಲು ಹಿಂದೆ.
ಕಬ್ಬಿಣದ ಕಪ್ಪು ಪುಡಿ ಉದುರಿ
ನೆಲದ ಕೂದಲೊಳಗೆ ಸೇರಿಕೊಂಡಿತು.
ಹೊಸ ಬೋಲ್ಟು ಬೆರಳಿಗೇ ಹೋಯಿತು ಕೊನೆಯವರೆಗೂ,
ಮಾತಿಲ್ಲದೆ.
ಮೂರನೇ ಸುತ್ತಿಗೆ ಮಾತ್ರ ನನ್ನ ಉಸಿರು ನಿಂತಿತ್ತು.

ಮಜೂರಿ ಬೇಡ ಅಂದೆ, ಕಾರಣ ಹೇಳಲಿಲ್ಲ.
ಹಾಗಾದ್ರೆ ಕೂತ್ಕೊಳ್ಳಿ, ಅಂದರು ವೆಂಕಟರವಣಪ್ಪ.
ಹಲಗೆಯ ಮೇಲೆ ಕಾಲಿಟ್ಟೆ, ಮೊದಲು ಮೆಲ್ಲಗೆ,
ಆಮೇಲೆ ಪೂರ್ತಿ ಭಾರ.
ಎಷ್ಟು ಬಿಡ್ಲಿ ತಲೇಲಿ?
ಎರಡು ಸೂತು.
ನಗಲಿಲ್ಲ ಅವರು. ಕರೆಂಟು ಬಂದ ಮೇಲೆ ಮಿಷನ್ನಿಗೆ
ಎರಡನೇ ನಂಬರಿನ ಬಾಚಣಿಗೆ ಸಿಕ್ಕಿಸಿದರು.
ಅದರ ಮೇಲೆ ಸಣ್ಣಗೆ ಕೊರೆದಿತ್ತು: ಆರು ಎಂಎಂ.

ಚಿಲ್ಲರೆ ಲೆಕ್ಕ ಮುರ್ತುಜಾ ಭಾಯಿಗೆ ಬಿಟ್ಟು
ಕತ್ತು ಬಗ್ಗಿಸಿದೆ.